ಕೊಡಗಿನ ಪೇಟೆಗಳಲ್ಲಿ ಕೊಡವರ ಬೀದಿ ಯಾಕಿಲ್ಲ?

ವಿರಾಜಪೇಟೆಯಲ್ಲಿ ತೆಲುಗರ ಬೀದಿ ಇದೆ, ಜೈನರ ಬೀದಿ ಇದೆ, ಮಲಬಾರ್ ರಸ್ತೆ ಇದೆ, ಆದರೆ ಕೊಡವರ ಬೀದಿ ಯಾಕಿಲ್ಲ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಕೊಡವರು ಮೊದಲಿನಿಂದಲೂ ಪೇಟೆಯಲ್ಲಿ ಒತ್ತೊತ್ತಾಗಿ ಮನೆ ಕಟ್ಟಿಕೊಂಡು ಇದ್ದವರಲ್ಲ. ಗದ್ದೆ ಬದಿಯಲ್ಲಿ ಒಂದೊಂದು ಒಕ್ಕಕ್ಕೆ, ಅಂದರೆ ಒಂದೇ ಮೂಲದ ಕುಟುಂಬಕ್ಕೆ, ಒಂದು ಐನ್‌ಮನೆ ಅನ್ನುವ ಹಿರಿಯರ ಮೂಲಮನೆ, ಅಲ್ಲಿಗೆ ಹೋಗಲು ಎರಡೂ ಕಡೆ ಮಣ್ಣಿನ ಗೋಡೆ ಇರುವ ಓಣಿ. ಆ ಓಣಿಗೆ ಬೇರೆ ಹೆಸರು ಯಾಕೆ ಬೇಕು? ಒಕ್ಕದ ಹೆಸರು ಹೇಳಿದರೆ ಊರವರು ದಾರಿ ತೋರಿಸುತ್ತಾರೆ.

ಪೇಟೆಗಳ ಕಥೆ ಬೇರೆ. ಅವನ್ನು ಕಟ್ಟಿಸಿದ್ದು ಅರಸರು, ವ್ಯಾಪಾರಕ್ಕೆ ಬಂದು ನೆಲೆಸಿದವರು ಹೊರಗಿನವರು. ದೊಡ್ಡ ವೀರರಾಜೇಂದ್ರ ಬ್ರಿಟಿಷರ ಜನರಲ್ ಅಬರ್‌ಕ್ರೋಂಬಿಯನ್ನು ಭೇಟಿಯಾದ ನೆನಪಿಗೆ 1792ರಲ್ಲಿ ವೀರರಾಜೇಂದ್ರಪೇಟೆ ಕಟ್ಟಿಸಿದ. ಅದೇ ಈಗ ನಮ್ಮ ಬಾಯಲ್ಲಿ ವಿರಾಜಪೇಟೆ. ತೆಲುಗರ ಬೀದಿಯಲ್ಲಿ ಮಾರಿಯಮ್ಮನ ಗುಡಿ ಇದೆ. ಮಲಬಾರ್ ರಸ್ತೆ ಹಿಡಿದರೆ ಮಾಕುಟ್ಟ ಘಾಟಿ ಇಳಿದು ಕೇರಳದ ಇರಿಟ್ಟಿ ಸೇರುತ್ತೀರಿ. ಗಡಿಯಲ್ಲಿರುವ ನಮಗೆ ಆ ಹೆಸರು ದಾರಿಯನ್ನೂ ಹೇಳುತ್ತದೆ, ನೆಂಟಸ್ತನವನ್ನೂ ಹೇಳುತ್ತದೆ.

ಮಡಿಕೇರಿಯ ಮಹದೇವಪೇಟೆಗೆ ಇದೇ ಅರಸನ ರಾಣಿ ಮಹದೇವಮ್ಮನ ಹೆಸರು. ದಸರಾ ಮಂಟಪಗಳ ರಾತ್ರಿ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಅರಸ ಮತ್ತು ರಾಣಿಯ ಸಮಾಧಿ ಇರುವ ಗದ್ದಿಗೆಯನ್ನೂ ಹೋಗಿ ನೋಡಿ, ಹೆಚ್ಚಿನ ಪ್ರವಾಸಿಗರು ರಾಜಾಸೀಟ್ ನೋಡಿ ಹೊರಟುಬಿಡುತ್ತಾರೆ. ಕುಶಾಲನಗರ ಹಳೆಯ ದಾಖಲೆಗಳಲ್ಲಿ ಫ್ರೇಸರ್‌ಪೇಟೆ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋದಾಗ ಇಲ್ಲಿದ್ದ ಅಧಿಕಾರಿ ಫ್ರೇಸರ್‌ನ ಹೆಸರು ಅದು.

ಹಾಗಾದರೆ ಒಕ್ಕದ ಹೆಸರುಗಳು ಪೇಟೆಗೆ ಬರಲೇ ಇಲ್ವಾ? ಬಂದವು, ಸೈನಿಕರ ಜೊತೆ. ಮಡಿಕೇರಿಯ ವೃತ್ತಗಳನ್ನು ನೋಡಿ. ಅವುಗಳಿಗೆ ಹೆಸರು ಕೊಟ್ಟ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಇಬ್ಬರೂ ಕೊಡಂದೇರ ಒಕ್ಕದವರು. ಹಳೆಯ ಖಾಸಗಿ ಬಸ್ ನಿಲ್ದಾಣದ ಬಳಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತ ಇದೆ. ಅಜ್ಜಮಾಡ ಅನ್ನುವುದು ಒಕ್ಕದ ಹೆಸರು, ನಮ್ಮಲ್ಲಿ ಅದೇ ಮೊದಲು ಬರುತ್ತದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ದೇವಯ್ಯ ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಉರುಳಿಸಿದರು. ಅವರು ಹಿಂದಿರುಗಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ! ಆ ವೃತ್ತ ದಾಟುವ ಮಕ್ಕಳಿಗೆ ಇಷ್ಟಾದರೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಬೋರ್ಡಿನಲ್ಲಿ ಸುಮ್ನೆ ಹೆಸರು ಬರೆದರೆ ಸಾಲದು, ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಯಬೇಕು. ತೆಲುಗರ ಬೀದಿಗೂ ಅಷ್ಟೇ.

ಒಂದು ಮಾತು. ಮಡಿಕೇರಿಯ ಆಟೋದವರಿಗೆ ಇಂದಿರಾ ಗಾಂಧಿ ವೃತ್ತ ಅನ್ನುವುದಕ್ಕಿಂತ ಚೌಕಿ ಅನ್ನಿ, ಬೇಗ ತಲುಪುತ್ತೀರಿ.