ಪುಕ್ಕಟೆ ಸಂದೇಶ, ಚಿಲ್ಲರೆ ಕಾಸು: ಟೆನ್ಸೆಂಟ್ ಬೆಳೆದ ಬಗೆ

ಪ್ರಶ್ನೆ: ಚೀನಾದ ಟೆನ್ಸೆಂಟ್ ಕಂಪನಿಯು ವೀಚಾಟ್ ಆ್ಯಪನ್ನು ಪುಕ್ಕಟೆಯಾಗಿ ಕೊಡುತ್ತದೆ. ಅದರಲ್ಲಿ ಜಾಹೀರಾತಿನ ಕಾಟವೂ ಅಷ್ಟಾಗಿ ಇಲ್ಲವೆಂದು ವ್ಯಾಪಾರದ ನಿಮಿತ್ತ ಅಲ್ಲಿಗೆ ಹೋಗಿ ಬಂದ ನನ್ನ ಷಡ್ಡಕರು ಹೇಳುತ್ತಾರೆ. ಹಾಗಿದ್ದರೆ ಕಂಪನಿಗೆ ಹಣ ಬರುವುದು ಎಲ್ಲಿಂದ?
— ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ನಿಮ್ಮ ಷಡ್ಡಕರು ಗಮನಿಸಿದ್ದು ಸರಿಯಾಗಿಯೇ ಇದೆ. 2024ರಲ್ಲಿ ಟೆನ್ಸೆಂಟ್‌ನ ಒಟ್ಟು ವರಮಾನ ಸುಮಾರು 66,000 ಕೋಟಿ ಯುವಾನ್. ಅದರಲ್ಲಿ ಜಾಹೀರಾತಿನಿಂದ ಬಂದದ್ದು ಐದನೇ ಒಂದು ಪಾಲಿಗಿಂತ ಕಡಿಮೆ. ವಿಡಿಯೊ ಗೇಮ್‌ಗಳಿಂದ ಸುಮಾರು ಶೇ 30ರಷ್ಟು ಬಂದರೆ, ಹಣ ಪಾವತಿ ಮತ್ತು ಉದ್ಯಮಗಳಿಗೆ ಒದಗಿಸುವ ಸೇವೆಗಳಿಂದ ಅದಕ್ಕಿಂತ ತುಸು ಹೆಚ್ಚು ಬಂತು. ಆದರೆ ಈ ಲೆಕ್ಕ ಅರ್ಥವಾಗಬೇಕಾದರೆ ವೀಚಾಟ್ ಹುಟ್ಟುವುದಕ್ಕಿಂತ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

ಪೇಜರ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ ಮಾ ಹ್ವಾಟೆಂಗ್ ನಾಲ್ವರು ಗೆಳೆಯರನ್ನು ಜೊತೆಗೂಡಿಸಿಕೊಂಡು 1998ರ ನವೆಂಬರ್‌ನಲ್ಲಿ ಶೆನ್‌ಝೆನ್ ನಗರದಲ್ಲಿ ಈ ಕಂಪನಿಯನ್ನು ಸ್ಥಾಪಿಸಿದರು. ಮರುವರ್ಷ ಅವರು ಬಿಡುಗಡೆ ಮಾಡಿದ ಕಂಪ್ಯೂಟರ್ ಚಾಟ್ ತಂತ್ರಾಂಶಕ್ಕೆ, ಅಂದರೆ ಮುಂದೆ ಕ್ಯೂಕ್ಯೂ ಎಂದು ಹೆಸರಾದದ್ದಕ್ಕೆ, ಬಳಕೆದಾರರು ನುಗ್ಗಿ ಬಂದರು; ಬಂದಷ್ಟೂ ಸರ್ವರ್ ಖರ್ಚು ಏರಿತೇ ಹೊರತು ಯಾರೂ ಒಂದು ಕಾಸನ್ನೂ ಕೊಡಲಿಲ್ಲ. ಬೇಸತ್ತ ಮಾ ಅದನ್ನು ಮಾರಿಬಿಡಲು ಓಡಾಡಿದರೂ ಕೇಳಿದ ಬೆಲೆ ಕೊಡುವವರು ಸಿಗಲಿಲ್ಲ.

ಕಂಪನಿಯನ್ನು ಉಳಿಸಿದ್ದು ಮೊಬೈಲ್ ಬಿಲ್. ಸರ್ಕಾರಿ ಸಂಸ್ಥೆಯಾದ ಚೀನಾ ಮೊಬೈಲ್ 2000ದ ಕೊನೆಯ ಹೊತ್ತಿಗೆ, ತನ್ನ ಜಾಲದ ಮೂಲಕ ಸೇವೆ ಮಾರುವ ಹೊರಗಿನ ಕಂಪನಿಗಳ ಪರವಾಗಿ ಗ್ರಾಹಕರಿಂದ ತಾನೇ ಶುಲ್ಕ ವಸೂಲು ಮಾಡಿ, ಸಣ್ಣದೊಂದು ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಅವುಗಳಿಗೇ ಕೊಡುವ ವ್ಯವಸ್ಥೆಯನ್ನು ಆರಂಭಿಸಿತು. ಕ್ಯೂಕ್ಯೂ ಸಂದೇಶವನ್ನು ಫೋನಿಗೆ ಎಸ್ಸೆಮ್ಮೆಸ್ ಆಗಿ ತರಿಸಿಕೊಳ್ಳುವ ಸೌಲಭ್ಯಕ್ಕೆ ಲಕ್ಷಾಂತರ ಯುವಜನರು ತಿಂಗಳಿಗೆ ಕೆಲವೇ ಯುವಾನ್ ತೆರಲು ಒಪ್ಪಿದರು. ಕ್ರೆಡಿಟ್ ಕಾರ್ಡ್ ಅಪರೂಪವಾಗಿದ್ದ ದೇಶದಲ್ಲಿ ಚಿಲ್ಲರೆ ಕಾಸನ್ನು ಒಟ್ಟುಗೂಡಿಸಲು ಅಂದು ಇದ್ದ ಒಳ್ಳೆಯ ದಾರಿ ಅದೇ ಆಗಿತ್ತು.

ಸಂದೇಶಕ್ಕೆ ಹಣ ಕೊಡದ ಮನುಷ್ಯ ತನ್ನ ಅಲಂಕಾರಕ್ಕೆ ಕೊಡುತ್ತಾನೆ ಎಂಬುದನ್ನು ಟೆನ್ಸೆಂಟ್ ಮನಗಂಡದ್ದು ಇದರ ಬೆನ್ನಲ್ಲೇ. 2003ರಲ್ಲಿ ಬಂದ ಕ್ಯೂಕ್ಯೂ ಶೋ ಎಂಬ ಸೇವೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ್ಟ ಗೊಂಬೆಚಿತ್ರ ಸಿಗುತ್ತಿತ್ತು. ಅದಕ್ಕೆ ಅಂಗಿ, ಕೂದಲು, ಕನ್ನಡಕ ತೊಡಿಸಬೇಕಾದರೆ ಮಾತ್ರ ದುಡ್ಡು. ಅಸ್ತಿತ್ವದಲ್ಲೇ ಇಲ್ಲದ ಅಂಗಿಯನ್ನು ಕೊಳ್ಳುವವರಾರು ಎಂದು ನಾವು ನಗಬಹುದು, ಆದರೆ ಕೊಂಡರು. ಇಂದಿಗೂ ‘ಆನರ್ ಆಫ್ ಕಿಂಗ್ಸ್’ನಂಥ ಗೇಮ್ ಆಡಲು ಶುಲ್ಕವಿಲ್ಲ, ವೀರನಿಗೆ ತೊಡಿಸುವ ಹೊಸ ವೇಷಕ್ಕೆ ಶುಲ್ಕವಿದೆ. ಸೂತ್ರ ಬದಲಾಗಿಲ್ಲ.

ಇನ್ನು ವೀಚಾಟ್. 2011ರ ಜನವರಿಯಲ್ಲಿ ಗುವಾಂಗ್‌ಝೌನಲ್ಲಿ ಝಾಂಗ್ ಶಿಯಾವ್‌ಲಾಂಗ್ ನೇತೃತ್ವದ ತಂಡವು ಹೊರತಂದ ಈ ಆ್ಯಪ್ ಜನಪ್ರಿಯವಾದರೂ ಅದರೊಳಗಿನ ಪಾವತಿ ಸೌಲಭ್ಯವನ್ನು ಬಳಸುವವರು ಹೆಚ್ಚಿರಲಿಲ್ಲ. ಆ ಕ್ಷೇತ್ರವು ಅಲಿಬಾಬಾ ಬಳಗದ ಅಲಿಪೇ ಕೈಯಲ್ಲಿತ್ತು. ಚೀನೀಯರ ಹೊಸ ವರ್ಷಕ್ಕೆ ಹಿರಿಯರು ಕಿರಿಯರಿಗೆ ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಡುವ ಪದ್ಧತಿಯಿದೆ, ಹೆಚ್ಚೂ ಕಡಿಮೆ ನಮ್ಮ ಮುಯ್ಯಿ ಕವರಿನಂತೆ, ಆದರೆ ಮುಯ್ಯಿಯ ಹಾಗೆ ಬರೆದಿಟ್ಟುಕೊಂಡು ಹಿಂದಿರುಗಿಸುವ ಲೆಕ್ಕವಿಲ್ಲದೆ. 2014ರ ಹಬ್ಬಕ್ಕೆ ವೀಚಾಟ್ ಆ ಲಕೋಟೆಯನ್ನು ಫೋನಿಗೆ ತಂದಿತು. ಒಬ್ಬರು ಗುಂಪಿಗೆ ಹಣ ಹಾಕಿದರೆ ಅದು ಯದ್ವಾತದ್ವಾ ಹಂಚಿಕೆಯಾಗಿ, ಮೊದಲು ಮುಟ್ಟಿದವರಿಗಷ್ಟೇ ಸಿಗುತ್ತಿತ್ತು. ಸಿಕ್ಕ ಹಣವನ್ನು ಹೊರತೆಗೆಯಬೇಕಾದರೆ ಬ್ಯಾಂಕ್ ಖಾತೆಯನ್ನು ಜೋಡಿಸಲೇಬೇಕಿತ್ತು. ಆಟದ ಮೋಜಿನಲ್ಲಿ ಜನ ತಾವಾಗಿಯೇ ಖಾತೆ ಜೋಡಿಸಿದರು. ಅಲಿಬಾಬಾದ ಜಾಕ್ ಮಾ ಇದನ್ನು ಪರ್ಲ್ ಹಾರ್ಬರ್ ದಾಳಿಗೆ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ನೌಕಾನೆಲೆಯ ಮೇಲೆ ಹಠಾತ್ತನೆ ಎರಗಿದ್ದಕ್ಕೆ, ಹೋಲಿಸಿದರಂತೆ. ತರಕಾರಿ ಗಾಡಿಯ ಮುಂದೆಯೂ ಕ್ಯೂಆರ್ ಚೌಕ ತೂಗಾಡುವಂತಾದದ್ದು ಅದರ ನಂತರ.

ಪ್ರಶ್ನೆ: ಟೆನ್ಸೆಂಟ್ ಬೇರೆಯವರದನ್ನು ನಕಲು ಮಾಡಿಯೇ ಬೆಳೆಯಿತು ಎನ್ನುತ್ತಾರೆ. ಇದು ನಿಜವೇ?
— ಹಾಸನದ ವಿದ್ಯಾರ್ಥಿನಿ

ಉತ್ತರ: ಆರಂಭದ ಮಟ್ಟಿಗೆ ನಿಜ. ಇಸ್ರೇಲಿನಲ್ಲಿ ಹುಟ್ಟಿ ಅಮೆರಿಕದ ಎಒಎಲ್ ಪಾಲಾಗಿದ್ದ ಐಸಿಕ್ಯೂ ಎಂಬ ತಂತ್ರಾಂಶವೇ ಮಾದರಿ. ಇವರಿಟ್ಟ ಮೊದಲ ಹೆಸರು ಓಐಸಿಕ್ಯೂ. ಎಒಎಲ್ ಆ ಹೆಸರಿನ ಜಾಲತಾಣ ವಿಳಾಸಗಳ ಮೇಲೆ ತಕರಾರು ಹೂಡಿ ಗೆದ್ದ ಮೇಲೆಯೇ ಕ್ಯೂಕ್ಯೂ ಎಂಬ ಹೆಸರು ಬಂದದ್ದು. ಆದರೆ ನಕಲು ಮಾಡಿದವರು ಆಗ ಹಲವರಿದ್ದರು, ಉಳಿದವರು ಇವರು. ಐಸಿಕ್ಯೂ ಗೆಳೆಯರ ಪಟ್ಟಿಯನ್ನು ಬಳಕೆದಾರರ ಕಂಪ್ಯೂಟರಿನಲ್ಲೇ ಉಳಿಸುತ್ತಿತ್ತು. ಚೀನಾದ ಯುವಕರಿಗೆ ಸ್ವಂತ ಕಂಪ್ಯೂಟರ್ ಎಲ್ಲಿತ್ತು? ಅವರು ಇಂದು ಒಂದು ಸೈಬರ್ ಕೆಫೆಯಲ್ಲಿ, ನಾಳೆ ಇನ್ನೊಂದರಲ್ಲಿ ಕೂರುವವರು. ಟೆನ್ಸೆಂಟ್ ಆ ಪಟ್ಟಿಯನ್ನು ತನ್ನ ಸರ್ವರ್‌ನಲ್ಲಿಟ್ಟಿತು. ಎಲ್ಲಿ ಕುಳಿತರೂ ಗೆಳೆಯರು ಸಿಗುತ್ತಿದ್ದರು. ಇಷ್ಟು ಸಣ್ಣ ತಿದ್ದುಪಡಿಯನ್ನು ನಾನಂತೂ ನಕಲು ಎನ್ನಲಾರೆ.

ಪ್ರಶ್ನೆ: ಬೆಂಗಳೂರಿನ ಕಂಪನಿಗಳಲ್ಲಿಯೂ ಟೆನ್ಸೆಂಟ್ ಹಣವಿದೆಯೇ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ಫ್ಲಿಪ್‌ಕಾರ್ಟ್, ಓಲಾ, ಸ್ವಿಗ್ಗಿ, ಬೈಜೂಸ್ ಈ ನಾಲ್ಕರಲ್ಲೂ ಅದು ಹಣ ಹೂಡಿತ್ತು, ಯಾವುದರಲ್ಲೂ ಬಹುಪಾಲು ಷೇರು ಅದರದಾಗಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ನೆರೆದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಅದೇ ಜೂನ್‌ನಲ್ಲಿ ವೀಚಾಟ್, ಸೆಪ್ಟೆಂಬರ್‌ನಲ್ಲಿ ಟೆನ್ಸೆಂಟ್ ಹೊರತಂದಿದ್ದ ಪಬ್‌ಜಿ ಮೊಬೈಲ್ ಗೇಮ್ ಇಲ್ಲಿ ನಿಷೇಧಕ್ಕೊಳಗಾದವು.

ಇದಕ್ಕಿಂತ ಸ್ವಾರಸ್ಯಕರವಾದ ನಂಟೊಂದಿದೆ. ದಕ್ಷಿಣ ಆಫ್ರಿಕಾದ ನ್ಯಾಸ್ಪರ್ಸ್ ಎಂಬ ಪತ್ರಿಕಾ ಸಂಸ್ಥೆಯು 2001ರಲ್ಲಿ, ಲಾಭದ ಮುಖವನ್ನು ಇನ್ನೂ ಸರಿಯಾಗಿ ಕಾಣದ ಟೆನ್ಸೆಂಟ್‌ನ ಸುಮಾರು ಶೇ 46ರಷ್ಟು ಷೇರನ್ನು 3 ಕೋಟಿ ಡಾಲರ್‌ಗಿಂತ ತುಸು ಹೆಚ್ಚು ತೆತ್ತು ಕೊಂಡಿತು. 2018ರಲ್ಲಿ ಕೇವಲ ಶೇ 2ರಷ್ಟನ್ನು ಮಾರಿದಾಗ ಅದಕ್ಕೆ ದೊರೆತದ್ದು 980 ಕೋಟಿ ಡಾಲರ್. ಅದೇ ವರ್ಷದ ಡಿಸೆಂಬರ್‌ನಲ್ಲಿ ಸ್ವಿಗ್ಗಿ 100 ಕೋಟಿ ಡಾಲರ್ ಬಂಡವಾಳ ಎತ್ತಿದಾಗ ಮುಂದೆ ನಿಂತು ಹಣ ಹಾಕಿದ್ದು ಇದೇ ನ್ಯಾಸ್ಪರ್ಸ್. ಅದರ ಪಕ್ಕದಲ್ಲಿ ಟೆನ್ಸೆಂಟ್ ಕೂಡ ಇತ್ತು.