ಒಂದರಲ್ಲಿ ನೋಡು, ಎಂಟು ಆಮೇಲೆ

ತಮ್ಮಾ,

"ಅಣ್ಣಾ, ಬದಿಯಡ್ಕದಿಂದ ಟೆಕ್ಸಸ್‌ಗೆ ಬಂದು ನಾಲ್ಕು ತಿಂಗಳಾಯಿತು. ಆಫೀಸಿನವನೊಬ್ಬ ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರೂ ಬಳಸುವ ಮಲ್ಟಿಗನ್ ಮ್ಯಾಚ್ ನೋಡಲು ಕರೆದುಕೊಂಡು ಹೋಗಿದ್ದ. ಹುಚ್ಚು ಹಿಡಿದುಬಿಟ್ಟಿತು. ರೈಫಲ್‌ಗೆ ಸ್ಕೋಪ್ ಯಾವುದು? ಒಂದರಿಂದ ಆರು ಪಟ್ಟು ದೊಡ್ಡದಾಗಿ ತೋರಿಸುವ 1-6 ಸಾಕಾ, 1-8 ಬೇಕಾ, 1-10 ಆದರೆ ಇನ್ನೂ ಒಳ್ಳೆಯದಲ್ವಾ? ಮತ್ತೆ, ನಮ್ಮಂಥವರು ಇದಕ್ಕೆಲ್ಲ ಕೈ ಹಾಕಬಹುದಾ?" ಎಂದು ಕೇಳಿದ್ದೀಯ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅದು ತಪ್ಪಿದರೆ ಸ್ಕೋಪ್ ಮಾತೇ ಬೇಡ.

ನೀನು ಹೆಂಡತಿಯ ಕಡೆಯಿಂದ ಗ್ರೀನ್ ಕಾರ್ಡ್ ಹಿಡಿದುಕೊಂಡೇ ಇಳಿದವನು. ಹಾಗಾಗಿ ನಿನಗೆ ದಾರಿ ಇದೆ. ಅಂಗಡಿಯಲ್ಲಿ 4473 ಎಂಬ ಫಾರ್ಮ್ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ವಿಳಾಸ ಸರಿಯಿರುವ ಗುರುತಿನ ಚೀಟಿ ಇಟ್ಟುಕೋ. ಫಾರ್ಮಿನಲ್ಲಿ ಒಂದೇ ಒಂದು ಸುಳ್ಳು ಬರೆಯಬೇಡ, ಅದೇ ದೊಡ್ಡ ಅಪರಾಧ. ಆದರೆ ನಿನ್ನ ಜೊತೆ ಬರುತ್ತೇನೆ ಎನ್ನುವ ಆ ಎಚ್-1ಬಿ ಗೆಳೆಯ ಇದ್ದಾನಲ್ಲ, ಅವನ ಕೈಗೆ ನಿನ್ನ ರೈಫಲ್ ಕೊಡಬೇಡ. ಅಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿಗೆ ವಿರುದ್ಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಆದರೆ ಅದನ್ನು ವಲಸೆ ವಕೀಲರ ಹತ್ತಿರ ಕೇಳಿ ತಿಳಿಯಬೇಕೇ ಹೊರತು ರೇಂಜಿನಲ್ಲಿ ಸಿಕ್ಕಿದವರ ಹತ್ತಿರ ಅಲ್ಲ. "ಸುಮ್ನೆ ಒಂದು ಗುಂಡು" ಎನ್ನುವ ಮಾತಿನಿಂದ ಅವನಿಗೆ ಮುಂದೆ ಸಿಗಬೇಕಾದ ಗ್ರೀನ್ ಕಾರ್ಡೇ ತಪ್ಪಿಹೋದೀತು. ಅವನು ಬಂದು ನೋಡಲಿ, ಅಡ್ಡಿಯಿಲ್ಲ.

ನಮ್ಮೂರಿನಲ್ಲಿ ಕೋವಿ ಎಂದರೆ ಹೇಗಿತ್ತು ನೆನಪಿದೆಯಾ? ಇಡೀ ಊರಿಗೆ ಒಂದೋ ಎರಡೋ. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು ಬರಬೇಕು. ಉಳಿದ ದಿನ ತೋಟಕ್ಕೆ ನುಗ್ಗುವ ಹಂದಿಗೆ. ಅಲ್ಲಿಂದ ಬಂದವನಿಗೆ ಇಲ್ಲಿ ಗೋಡೆ ತುಂಬ ರೈಫಲ್ ತೂಗುಹಾಕಿದ ಅಂಗಡಿ ಕಂಡರೆ ತಲೆ ತಿರುಗುವುದು ಸಹಜ. ನನಗೂ ತಿರುಗಿತ್ತು. ಅದರ ಫಲವೇ ನನ್ನ ಮೊದಲ ಸ್ಕೋಪ್, 1-8.

ಅದರ ಕತೆ ಕೇಳು. ನನ್ನ ಎರಡನೇ ಮ್ಯಾಚ್. ಸ್ಟೇಜ್‌ನಲ್ಲಿ, ಅಂದರೆ ಮ್ಯಾಚಿನ ಒಂದು ಸುತ್ತಿನಲ್ಲಿ, ಮೊದಲು 250 ಗಜದ ಎರಡು ಕಬ್ಬಿಣದ ತಟ್ಟೆ. ಪವರ್ 8ಕ್ಕೆ ತಿರುಗಿಸಿ ಟಣ್, ಟಣ್ ಎಂದು ಹೊಡೆದೆ. ಕುಂಬಳೆ ಜಾತ್ರೆಯ ಪಟಾಕಿ ಬೆಡಿ ಹೊಡೆದಷ್ಟು ಖುಷಿ. ಅಲ್ಲಿಂದ ಓಡಿ ಗೋಡೆಯ ಮೂಲೆಗೆ ಬಂದೆ. ಹತ್ತು ಗಜದಲ್ಲಿ ಆರು ರಟ್ಟಿನ ಗುರಿ. ರೈಫಲ್ ಎತ್ತಿ ನೋಡುತ್ತೇನೆ, ಗಾಜಿನ ತುಂಬ ಬರೀ ಕಂದು ಬಣ್ಣ! ಪವರ್ ಇಳಿಸಲು ಮರೆತಿದ್ದೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಅರ್ಥ ಆಯಿತು. ಎಂಟರ ಪವರ್‌ನಲ್ಲಿ 100 ಗಜದಲ್ಲಿ ಕಾಣುವ ಅಗಲ ಹೆಚ್ಚುಕಡಿಮೆ 15 ಅಡಿ. ಹತ್ತು ಗಜಕ್ಕೆ ಬಂದರೆ ಒಂದೂವರೆ ಅಡಿ. ಆ ರಟ್ಟಿನ ಅಗಲವೂ ಒಂದೂವರೆ ಅಡಿಯೇ. ಯಾವ ಗುರಿ ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು ಮಾರಾಯ? ಅದೇ ಒಂದರ ಪವರ್‌ನಲ್ಲಿ 100 ಗಜದಲ್ಲಿ ನೂರು ಅಡಿಗೂ ಜಾಸ್ತಿ ಕಾಣುತ್ತದೆ.

ಇದಕ್ಕೇ ಹೇಳುವುದು, ಮಲ್ಟಿಗನ್‌ಗೆ ಸ್ಕೋಪ್ ಆರಿಸುವಾಗ ದೊಡ್ಡ ಅಂಕಿ ನೋಡಬೇಡ, ಸಣ್ಣ ಅಂಕಿ ನೋಡು. ಗಡಿಯಾರದ ಮೇಲೆ ನಡೆಯುವ ಆಟ ಇದು. ಸಾಮಾನ್ಯ ಕ್ಲಬ್ ಮ್ಯಾಚಿನಲ್ಲಿ ರೈಫಲ್‌ನ ಗುರಿಗಳಲ್ಲಿ ಹೆಚ್ಚಿನವು ಕೈಗೆಟುಕುವಷ್ಟು ಹತ್ತಿರ. ದೂರದ್ದು ನಾಲ್ಕೋ ಐದೋ. ನಿನ್ನ ಕ್ಲಬ್ಬಿನ ರೇಂಜ್ 100 ಗಜಕ್ಕೇ ಮುಗಿಯುವುದಾದರೆ ಸ್ಕೋಪೇ ಬೇಡ, ದೊಡ್ಡದು ಮಾಡದೆ ಗುರಿಯ ಮೇಲೆ ಕೆಂಪು ಚುಕ್ಕೆಯಷ್ಟೇ ತೋರಿಸುವ ಒಂದು ರೆಡ್ ಡಾಟ್ ಸಾಕು. ಮೊದಲು ಅದನ್ನು ಕೇಳಿಕೋ. 200, 300 ಗಜ ಇದ್ದರೆ 1-6. ನಾನು ಈಗ ಬಳಸುವುದೂ ಅದನ್ನೇ.

1-10 ಯಾಕೆ ಬೇಡ ಎಂದರೆ, ಒಂದು, ಬೆಳಕು. ಈ ಸ್ಕೋಪ್‌ಗಳ ಮುಂದಿನ ಗಾಜು ಸಾಮಾನ್ಯವಾಗಿ 24 ಮಿಲಿಮೀಟರ್. ಅದನ್ನು ಪವರ್‌ನಿಂದ ಭಾಗಿಸು. ಆರರಲ್ಲಿ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 4 ಮಿಲಿಮೀಟರ್, ಹತ್ತರಲ್ಲಿ 2.4. ಬಿಲ್ಲೆ ಸಣ್ಣದಾದಷ್ಟೂ ತಲೆ ಅಲ್ಲಾಡಿಸುವ ಹಾಗಿಲ್ಲ, ಕೂದಲೆಳೆ ಆಚೀಚೆ ಆದರೆ ಕಪ್ಪು. ಬಿದಿರಿನ ಓಟೆಯಲ್ಲಿ ಇಣುಕಿದ ಹಾಗೆ. ಬೆಂಚಿನ ಮೇಲೆ ಕೂತು ಹೊಡೆಯುವವರಿಗೆ ಅದು ನಡೆಯುತ್ತದೆ. ಏದುಸಿರು ಬಿಡುತ್ತಾ ಟಯರಿನ ಸಂದಿಯಲ್ಲಿ ಸೊಟ್ಟ ಮಲಗಿ ಹೊಡೆಯುವ ನಮಗೆ ಅಲ್ಲ. ಎರಡು, ಹತ್ತರವರೆಗೆ ಹಿಗ್ಗಿಸಬೇಕಾದ ಗಾಜು ಒಂದರಲ್ಲಿ ನಿಜವಾಗಿ ಒಂದಾಗಿರುವುದು ಕಷ್ಟ. ಅಗ್ಗದ್ದರಲ್ಲಂತೂ ಅಂಚು ಮೀನಿನ ಕಣ್ಣಿನ ಹಾಗೆ ಬಾಗುತ್ತದೆ. ದುಡ್ಡು ಸುರಿದರೆ ಎರಡೂ ಸಿಗುವ ಸ್ಕೋಪ್ ಇದೆ, ಇಲ್ಲ ಎನ್ನುವುದಿಲ್ಲ. ಮೊದಲ ವರ್ಷಕ್ಕೆ ಅದು ಬೇಡ.

ಅಂಗಡಿಯಲ್ಲಿ ಹೀಗೆ ಮಾಡು. ಒಂದಕ್ಕೆ ಇಟ್ಟು ಎರಡೂ ಕಣ್ಣು ತೆರೆದು ಬಾಗಿಲಿನ ಚೌಕಟ್ಟನ್ನು ನೋಡು. ಗಾಜಿನೊಳಗಿನ ಗೆರೆ ಹೊರಗಿನ ಗೆರೆಗೆ ಸೇರಬೇಕು. ಕೊಳವೆ ಇದೆಯೆಂದೇ ಅನಿಸಬಾರದು. ಮೊದಲು ಹಿಂದಿನ ಕಣ್ಣಿನ ಉಂಗುರವನ್ನು ನಿನ್ನ ಕಣ್ಣಿಗೆ ಸರಿಮಾಡಿಕೋ. ಬಿಳಿ ಗೋಡೆ ನೋಡುತ್ತಾ ರೆಟಿಕಲ್, ಅಂದರೆ ಗಾಜಿನೊಳಗಿನ ಗುರಿಯ ಗುರುತು, ಚೂಪಾಗುವವರೆಗೆ ತಿರುಗಿಸುವುದು. ಇದನ್ನು ಮಾಡದೆ "ಗಾಜು ಮಬ್ಬು" ಎಂದು ಸ್ಕೋಪ್ ವಾಪಸ್ ಮಾಡಿದವರನ್ನು ನೋಡಿದ್ದೇನೆ. ಆಮೇಲೆ ರೆಟಿಕಲ್ ಬೆಳಗಿಸುವ ದೀಪ ಹಾಕಿ ಹೊರಗೆ ಬಿಸಿಲಿಗೆ ಒಯ್ಯಲು ಬಿಡುತ್ತಾರಾ ಕೇಳು. ಟೆಕ್ಸಸ್ ಬಿಸಿಲಿನಲ್ಲಿ ಕೆಂಪು ಚುಕ್ಕೆ ಎದ್ದು ಕಾಣಬೇಕು. ಅಂಗಡಿಯೊಳಗೆ ಎಲ್ಲದರದ್ದೂ ಕಾಣುತ್ತದೆ. ಬಿಸಿಲಿಗೆ ಬಂದರೆ ಅಗ್ಗದ್ದು ಕರಗಿಹೋಗುತ್ತದೆ.

ಮುಂದೆ ಫಸ್ಟ್ ಫೋಕಲ್, ಸೆಕೆಂಡ್ ಫೋಕಲ್ ಎಂಬ ರಗಳೆ. ಫಸ್ಟ್ ಎಂದರೆ ಪವರ್ ಏರಿಸಿದ ಹಾಗೆ ರೆಟಿಕಲ್ ಕೂಡ ಹಿಗ್ಗುತ್ತದೆ. ಒಂದರಲ್ಲಿ ಜೇಡರ ನೂಲಿನಷ್ಟು ಸಣ್ಣ. ಸೆಕೆಂಡ್ ಎಂದರೆ ರೆಟಿಕಲ್ ಎಲ್ಲ ಪವರ್‌ನಲ್ಲೂ ಒಂದೇ ದಪ್ಪ. ಆದರೆ ಅದರ ಗುರುತುಗಳ ಅಳತೆ ಸಾಮಾನ್ಯವಾಗಿ ಕೊನೆಯ ಪವರ್‌ನಲ್ಲಿ ಮಾತ್ರ ಸರಿ. ದೂರಕ್ಕೆ ಹೊಡೆಯುವಾಗ ನಾವು ಹೇಗೂ ಕೊನೆಗೇ ತಿರುಗಿಸುತ್ತೇವೆ, ಅಲ್ವಾ? ಹಾಗಾಗಿ 1-6ರಲ್ಲಿ ಸೆಕೆಂಡ್ ತೆಗೆದುಕೋ.

55 ಗ್ರೇನ್ ಗುಂಡಿಗೆ 50 ಗಜದಲ್ಲಿ ಝೀರೋ ಮಾಡಿದರೆ, ಅಂದರೆ ಗುರಿ ಇಟ್ಟಲ್ಲೇ ಬೀಳುವಂತೆ ಸ್ಕೋಪ್ ಹೊಂದಿಸಿದರೆ, 200ರ ಹತ್ತಿರ ಮತ್ತೆ ಗೆರೆಗೆ ಬರುತ್ತದೆ. ನಡುವೆ ಎರಡು ಇಂಚಿನಷ್ಟು ಮೇಲೆ, ಅಷ್ಟೇ. 300ರಲ್ಲಿ ಸುಮಾರು ಒಂದು ಗೇಣು ಕೆಳಗೆ. ಅಷ್ಟನ್ನು ರೆಟಿಕಲ್‌ನ ಕೆಳಗಿನ ಗುರುತಿನಿಂದ ಹಿಡಿಯಬಹುದು, ಸ್ಟೇಜ್ ನಡುವೆ ಗುರಿ ಹೊಂದಿಸುವ ತಿರುಗುಣಿ, ಟರೆಟ್, ತಿರುಗಿಸುವ ಕೆಲಸ ಇಲ್ಲ. ಆದರೆ ಗುರುತಿನ ಪಕ್ಕ ಕಂಪನಿ ಬರೆದ ಗಜವನ್ನು ನಂಬಬೇಡ. ನಿನ್ನ ಬ್ಯಾರಲ್, ನಿನ್ನ ಗುಂಡಿನಲ್ಲಿ ಹೊಡೆದು ನೋಡಿ ನೀನೇ ಚೀಟಿ ಬರೆದು ರೈಫಲ್‌ನ ಹಿಂಬದಿಗೆ ಅಂಟಿಸಿಕೋ.

ಪವರ್ ಉಂಗುರಕ್ಕೆ ಒಂದು ಕೈಹಿಡಿ ಬರುತ್ತದೆ, ಥ್ರೋ ಲಿವರ್ ಎನ್ನುತ್ತಾರೆ. ಅದು ಇದ್ದೇ ಇರಲಿ. ಮ್ಯಾಚಿನಲ್ಲಿ ಸಲಕರಣೆ ನೋಡಿ ಡಿವಿಷನ್ ಮಾಡುತ್ತಾರೆ. ಟ್ಯಾಕ್ಟಿಕಲ್ ಎಂಬುದರಲ್ಲಿ ಸಾಮಾನ್ಯವಾಗಿ ರೈಫಲ್ ಮೇಲೆ ಒಂದೇ ಆಪ್ಟಿಕ್ (ಸ್ಕೋಪ್ ಅಥವಾ ರೆಡ್ ಡಾಟ್), ಪಕ್ಕಕ್ಕೆ ಇನ್ನೊಂದು ರೆಡ್ ಡಾಟ್ ಹಾಕಿದರೆ ಓಪನ್ ಎಂಬ ಡಿವಿಷನ್‌ಗೆ ತಳ್ಳುತ್ತಾರೆ. ಹೊಸಬನಿಗೆ ಅಲ್ಲಿ ಏನು ಕೆಲಸ?

ಬೆಲೆ ಮುನ್ನೂರು ಡಾಲರಿನಿಂದ ಎರಡು ಸಾವಿರ ದಾಟುವವರೆಗೂ ಇದೆ. ಅಪ್ಪನಿಗೆ ಮಾತ್ರ ಹೇಳಬೇಡ, ಎಷ್ಟು ಕ್ವಿಂಟಾಲ್ ಅಡಿಕೆ ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ. ವೋರ್ಟೆಕ್ಸ್‌ನ ಸ್ಟ್ರೈಕ್ ಈಗಲ್ 1-6 ಕಲಿಯಲಿಕ್ಕೆ ಸಾಕು. ಅದೇ ಕಂಪನಿಯ ರೇಜರ್ 1-6 ಹಳೆಯದು ಸಿಕ್ಕಿದರೆ ಬಿಡಬೇಡ. ವಾರಂಟಿ ಎರಡನೇ ಕೈಗೂ ಬರುತ್ತದೆ. ಸ್ಕೋಪನ್ನು ರೈಫಲ್‌ಗೆ ಕೂರಿಸುವ ಮೌಂಟ್‌ನಲ್ಲಿ ಮಾತ್ರ ಜಿಪುಣತನ ಬೇಡ. ನಾನು ಹೆಸರಿಲ್ಲದ ಮೌಂಟ್ ಹಾಕಿ ಅರ್ಧ ಮ್ಯಾಚ್ ಗಾಳಿಗೆ ಬೈದೆ. ಸಂಜೆ ನೋಡಿದರೆ ತಿರುಪು ಸಡಿಲ. ಈಗ ತಿರುಪನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ವ್ರೆಂಚ್ ಇಟ್ಟುಕೊಂಡಿದ್ದೇನೆ. ನನ್ನ ಉಂಗುರಗಳಿಗೆ 18 ಇಂಚ್-ಪೌಂಡ್, ನಿನ್ನದಕ್ಕೆ ಪೆಟ್ಟಿಗೆಯ ಚೀಟಿ ನೋಡು.

ಇನ್ನೊಂದು. ಸ್ಕೋಪ್ ವಿಷಯ ಊರಿಗೆ ಗೊತ್ತಾದರೆ ಮಾವಂದಿರಿಂದ ಫೋನ್ ಬರುತ್ತದೆ, "ಹಂದಿ ಉಪದ್ರ ಜೋರು, ಬರುವಾಗ ನಮಗೂ ಒಂದು ತಾ" ಎಂದು. ನನಗೆ ಬಂದಿತ್ತು. ರೈಫಲ್ ಸ್ಕೋಪ್ ಇಲ್ಲಿಯ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ. ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತಬೇಡ. ಮಾವ ಎರಡು ವರ್ಷ ಮುನಿಸಿಕೊಂಡಿದ್ದರು. ಇರಲಿ.

ಮ್ಯಾಚಿನಲ್ಲಿ ಜನ ಹೇಗೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಮ್ಮ ಜೆಂಬರದ, ಅಂದರೆ ಮದುವೆ-ಮುಂಜಿಯ, ಮನೆ ನೆನೆಸಿಕೋ. ಬಂದವರೇ ಸುಧರಿಕೆಗೂ ನಿಲ್ಲುವುದು, ಬಡಿಸುವುದು, ಎಲೆ ತೆಗೆಯುವುದು. ಇಲ್ಲೂ ಹಾಗೇ. ಒಬ್ಬ ಹೊಡೆದು ಮುಗಿಸಿದ ಕೂಡಲೇ ಉಳಿದವರು ರಟ್ಟಿನ ತೂತಿಗೆ ಅಂಟು ಚೀಟಿ ಹಚ್ಚಬೇಕು, ಬಿದ್ದ ತಟ್ಟೆ ಎತ್ತಿ ನಿಲ್ಲಿಸಬೇಕು. ನಾನು ಬಂದ ಹೊಸತರಲ್ಲಿ ಇಂಗ್ಲಿಷ್‌ಗೆ ಹೆದರಿ ಸುಮ್ಮನೆ ಚೀಟಿ ಹಚ್ಚುತ್ತಿದ್ದೆ. ಮೂರನೇ ತಿಂಗಳಿಗೆ ನನ್ನ ಹೆಸರು ಸರಿಯಾಗಿ ಹೇಳಲು ಕಲಿತವರು ಆಫೀಸಿನವರಲ್ಲ, ಅವರೇ. ಬೇರೆಯವರು ಹೊಡೆಯುವಾಗ ನೆರಳಲ್ಲಿ ಕೂತು ಫೋನ್ ನೋಡಿದೆಯೋ, ಯಾರೂ ಏನೂ ಹೇಳುವುದಿಲ್ಲ, ಮುಂದಿನ ಸಲ ಯಾರೂ ಮಾತಾಡಿಸುವುದೂ ಇಲ್ಲ.

ಬರುವ ಶನಿವಾರ ನಮ್ಮ ಕ್ಲಬ್ಬಿಗೆ ಬಾ. ಕಿವಿಗೆ ಮುಚ್ಚಿಕೊಳ್ಳುವುದು, ಕನ್ನಡಕ, ಟೊಪ್ಪಿ, ಎರಡು ಬಾಟಲಿ ನೀರು ತಾ. ನನ್ನ ಹಳೆಯ 1-8 ಇನ್ನೂ ಒಂದು ರೈಫಲ್ ಮೇಲಿದೆ, 1-6 ಇನ್ನೊಂದರ ಮೇಲೆ. ಎರಡರಲ್ಲೂ ಹತ್ತು ಗಜದಲ್ಲಿ ಹೊಡೆದು ನೋಡು. ಅಲ್ಲಿಯವರೆಗೆ ಏನೂ ಆರ್ಡರ್ ಮಾಡಬೇಡ.