ಆಶ್ರಯಧಾಮದ ನಾಯಿಮರಿ ನಮ್ಮ ಮನೆಗೆ ಹೊಂದೀತೇ?

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿರುವ ನಾವಿಬ್ಬರೂ ಉದ್ಯೋಗಸ್ಥರು. ಆಶ್ರಯಧಾಮದಿಂದ ನಾಟಿ ನಾಯಿಮರಿಯೊಂದನ್ನು ದತ್ತು ಕೇಳಿದಾಗ, ಮೊದಲು ಮನೆ ನೋಡಬೇಕು, ಸಂತಾನಹರಣ ಚಿಕಿತ್ಸೆ ಮಾಡಿಸುವುದಾಗಿ ಬರೆದುಕೊಡಬೇಕು ಎಂದರು. ಇಷ್ಟೆಲ್ಲ ಅಗತ್ಯವೇ? ನಮ್ಮ ನಿವಾಸಿಗಳ ಸಂಘವೂ ನಾಯಿ ಸಾಕುವುದನ್ನು ವಿರೋಧಿಸುತ್ತಿದೆ.
– ಓದುಗರು, ಬೆಂಗಳೂರು

ಉತ್ತರ: ಖಂಡಿತ ಅಗತ್ಯ. ಉತ್ಸಾಹದಲ್ಲಿ ಒಯ್ದ ಮರಿಯನ್ನು ಕೆಲವೇ ತಿಂಗಳಲ್ಲಿ ಹಿಂದಿರುಗಿಸುವವರೂ ಬೀದಿಗೆ ಬಿಡುವವರೂ ಇರುವುದರಿಂದ, ಬಾಲ್ಕನಿ ಸುರಕ್ಷಿತವಾಗಿದೆಯೇ, ಮನೆಯ ಮಾಲೀಕರು ಒಪ್ಪಿದ್ದಾರೆಯೇ, ನೀವು ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅವರು ಮೊದಲೇ ತಿಳಿಯಬಯಸುತ್ತಾರೆ. ನೆಲೆಯಿಲ್ಲದ ಮರಿಗಳು ಮತ್ತೆ ಹುಟ್ಟದಿರಲೆಂದೇ ಸಂತಾನಹರಣದ ಷರತ್ತು.

ಆದರೆ ಮರಿಯೇ ಬೇಕೇ ಎಂದು ದಯವಿಟ್ಟು ಮತ್ತೊಮ್ಮೆ ಯೋಚಿಸಿ. ಎರಡು ತಿಂಗಳ ಮರಿಗೆ ದಿನಕ್ಕೆ ಮೂರು–ನಾಲ್ಕು ಬಾರಿ ಊಟ ಕೊಡಬೇಕು. ಅದನ್ನು ಇಡೀ ಹಗಲು ಒಂಟಿಯಾಗಿ ಬಿಡುವಂತಿಲ್ಲ. ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ವಿರುದ್ಧದ ಲಸಿಕೆಯನ್ನು 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 3–4 ವಾರಗಳಿಗೊಮ್ಮೆಯಂತೆ ಸುಮಾರು 16 ವಾರಗಳವರೆಗೆ ಕೊಡಿಸಬೇಕಾಗುತ್ತದೆ; ಅದು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ಇಳಿಸಬಾರದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ನಿಮ್ಮಂಥ ಮನೆಗೆ ಎರಡು–ಮೂರು ವರ್ಷದ, ಶಾಂತ ಸ್ವಭಾವದ ನಾಯಿಯೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ: ಅದರ ಗುಣವನ್ನು ಆರೈಕೆದಾರರು ಬಲ್ಲರು, ಮತ್ತು ಅಂಥವನ್ನು ಕೇಳಿ ಬರುವವರು ಬಹಳ ಕಡಿಮೆ.

ಬಹುಮತವಿದ್ದರೂ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸ್ಪಷ್ಟಪಡಿಸಿದೆ. ಅದರ ಪ್ರತಿಯನ್ನು ಕಾರ್ಯದರ್ಶಿಗೆ ಕೊಡಿ. ಹೊರಗೆ ಕರೆದೊಯ್ಯುವಾಗ ಹಗ್ಗ ಕಟ್ಟುವುದು, ಮಲವನ್ನು ನೀವೇ ಎತ್ತುವುದು ನಿಮ್ಮ ಹೊಣೆ.